ಎಂಜಿನ್ ಬಂದ್ ಬಿದ್ದರೆ

ನಾನು ವಿಮಾನ ಹಾರಿಸುವುದನ್ನು ಕಲಿಸುವ ಕೆಲಸದಲ್ಲಿದ್ದೆ ಎಂದು ತಿಳಿದ ಕೂಡಲೇ ಜನ ಕೇಳುವ ಪ್ರಶ್ನೆ ಒಂದೇ. ಪುಣೆಯಲ್ಲಿ ಕನ್ನಡದವರು ಸೇರುವ ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ಅದು "ಮ್ಯಾಲ ಇದ್ದಾಗ ಎಂಜಿನ್ ಬಂದ್ ಬಿದ್ರ ಏನ್ರೀ ಗತಿ?" ಎಂದಾಗುತ್ತದೆ. ನಮ್ಮ ಸೊಸೈಟಿಯ ಲಿಫ್ಟಿನಲ್ಲಿ "ಇಂಜಿನ್ ಬಂದ್ ಪಡ್ಲಂ ತರ್?" ಎಂದು ಮರಾಠಿಯಲ್ಲಿ ಬರುತ್ತದೆ. ಊರಿಗೆ, ಅಂದರೆ ಜಮಖಂಡಿಗೆ ಹೋದರೆ ನಮ್ಮ ದೊಡ್ಡವ್ವ ಪ್ರಶ್ನೆ ಕೇಳುತ್ತಲೇ ಇರಲಿಲ್ಲ. ನೆತ್ತಿಯ ಮೇಲೆ ಕೈಯಿಟ್ಟು, "ಕೆಳಗ ಕೆಳಗ ಹಾರಿಸೋ ತಮ್ಮಾ" ಎನ್ನುತ್ತಿದ್ದಳು. ಕೆಳಗೆ ಹಾರಿಸುವುದೇ ಅಪಾಯ ಎಂದು ಆಕೆಗೆ ತಿಳಿಸಿ ಹೇಳಲು ಕೊನೆತನಕ ನನ್ನಿಂದ ಆಗಲಿಲ್ಲ.

ನಾನು ಹೆಚ್ಚು ಕಾಲ ಹಾರಿಸಿದ್ದು ಸೆಸ್ನಾ 152 ಎಂಬ ಎರಡೇ ಸೀಟಿನ, ಒಂದೇ ಎಂಜಿನ್ನಿನ ವಿಮಾನ. ಅದರ ತಯಾರಿಕೆ 1985ಕ್ಕೇ ನಿಂತಿದೆ. ನಾನು ಕಲಿಸುತ್ತಿದ್ದ ವಿಮಾನಗಳು ನನ್ನ ವಿದ್ಯಾರ್ಥಿಗಳಿಗಿಂತ ವಯಸ್ಸಿನಲ್ಲಿ ದೊಡ್ಡವು. ಎಂಜಿನ್ ಸುಮಾರು 110 ಅಶ್ವಶಕ್ತಿಯದು, ಈಗಿನ ಒಂದು ಸಾಧಾರಣ ಕಾರಿನದರಷ್ಟೇ. ಅದು ನಿಂತರೆ ವಿಮಾನ ಕಲ್ಲಿನಂತೆ ಬೀಳುವುದಿಲ್ಲ. ಮೂಗು ತುಸು ತಗ್ಗಿಸಿ ವೇಗವನ್ನು 60 ನಾಟ್‌ಗೆ, ಅಂದರೆ ಗಂಟೆಗೆ 111 ಕಿ.ಮೀ.ಗೆ ಹಿಡಿದರೆ ಒಂದು ಅಡಿ ಇಳಿಯುವಷ್ಟರಲ್ಲಿ ಸುಮಾರು ಒಂಬತ್ತು ಅಡಿ ಮುಂದೆ ಸಾಗುತ್ತದೆ. ಸಾವಿರ ಅಡಿ ಎತ್ತರದಲ್ಲಿದ್ದರೆ ನಿಮಗೆ ಎರಡೂವರೆ ಕಿ.ಮೀ.ಗಿಂತ ತುಸು ಹೆಚ್ಚು ದಾರಿ, ಒಂದೂವರೆ ನಿಮಿಷ. ಮೂರು ಸಾವಿರ ಅಡಿ ಇದ್ದರೆ ನಾಲ್ಕು ನಿಮಿಷಕ್ಕೂ ಮೇಲೆ. ಇನ್ನೂರು ಅಡಿಯಲ್ಲಿದ್ದರೆ ಇಪ್ಪತ್ತು ಸೆಕೆಂಡೂ ಇಲ್ಲ. ದೊಡ್ಡವ್ವ ಬೇಡಿಕೊಳ್ಳುತ್ತಿದ್ದುದು ಆ ಇಪ್ಪತ್ತು ಸೆಕೆಂಡನ್ನು.

ಹಾಗಾಗಿ ಎಲ್ಲಕ್ಕಿಂತ ಕೆಟ್ಟ ಹೊತ್ತೆಂದರೆ ಆಗಷ್ಟೇ ನೆಲ ಬಿಟ್ಟು ಏರುತ್ತಿರುವ ಹೊತ್ತು. ಅಲ್ಲಿ ಎಂಜಿನ್ ಕೈಕೊಟ್ಟರೆ ಮನುಷ್ಯನಿಗೆ ಬರುವ ಮೊದಲ ಬುದ್ಧಿ ಹಿಂದೆ ತಿರುಗುವುದು. ಚೆಂದದ ಡಾಂಬರು ರನ್‌ವೇ ಹಿಂದೆಯೇ ಇದೆಯಲ್ಲ! ಆದರೆ ತಿರುಗುವುದರಲ್ಲಿ ಎತ್ತರವೂ ಹೋಗುತ್ತದೆ, ವೇಗವೂ ಹೋಗುತ್ತದೆ. ರೆಕ್ಕೆಗೆ ವಿಮಾನವನ್ನು ಎತ್ತಿಹಿಡಿಯುವ ಶಕ್ತಿ ಉಳಿಯುವುದಿಲ್ಲ. ಹೀಗೆ ತಿರುಗಲು ಹೋಗಿ ಸತ್ತವರು ಎಲ್ಲ ದೇಶಗಳಲ್ಲೂ ಇದ್ದಾರೆ. ಎದುರಿಗೆ ಏನಿದೆಯೋ ಅದರಲ್ಲೇ, ಸ್ವಲ್ಪ ಎಡಕ್ಕೋ ಬಲಕ್ಕೋ ವಾಲಿ, ಇಳಿಯಬೇಕು. ಇದನ್ನು ಪ್ರತಿ ಸಲ ರನ್‌ವೇ ತುದಿಯಲ್ಲಿ ನಿಂತು ವಿದ್ಯಾರ್ಥಿಯ ಬಾಯಿಂದ ಜೋರಾಗಿ ಹೇಳಿಸುತ್ತಿದ್ದೆ. ದಿನಕ್ಕೆ ಐದು ಸಲ ಹಾರಿದರೆ ಐದು ಸಲ. "ಸರ್, ಪಾಠ್ ಝಾಲಂ" ಎಂದು ಹುಡುಗರು ನಗುತ್ತಿದ್ದರು. ಆಗಲಿ, ಬಾಯಿಪಾಠವೇ ಆಗಲಿ. ಯೋಚನೆ ಮಾಡಲು ಹೊತ್ತಿಲ್ಲದ ಕಡೆ ಬಾಯಿಪಾಠವೇ ಗಟ್ಟಿ.

ಜನರ ಕಲ್ಪನೆಯಲ್ಲಿ ಎಂಜಿನ್ ನಿಲ್ಲುವುದೆಂದರೆ ಒಳಗೇನೋ ಮುರಿದು ಹೊಗೆ ಬರುವುದು. ಹಾಗೂ ಆಗುತ್ತದೆ, ಮುಂದೆ ಹೇಳುತ್ತೇನೆ. ಆದರೆ ಸಣ್ಣ ವಿಮಾನಗಳ ಅಪಘಾತದ ವರದಿಗಳನ್ನು ಓದಿದವರಿಗೆ ಗೊತ್ತು, ಎಷ್ಟೋ ಸಲ ಎಂಜಿನ್ನಿಗೆ ಏನೂ ಆಗಿರುವುದಿಲ್ಲ. ಪೆಟ್ರೋಲ್ ಮುಗಿದಿರುತ್ತದೆ, ಅಷ್ಟೇ. ಇಲ್ಲವೇ ಪೆಟ್ರೋಲಿನಲ್ಲಿ ನೀರು ಸೇರಿರುತ್ತದೆ. ಈ ಎಂಜಿನ್ನುಗಳಿಗೆ ಬಳಸುವ ಪೆಟ್ರೋಲಿಗೆ ತಿಳಿನೀಲಿ ಬಣ್ಣ ಹಾಕಿರುತ್ತಾರೆ. ಬೆಳಿಗ್ಗೆ ರೆಕ್ಕೆಯ ಕೆಳಗಿನ ಡ್ರೇನ್ ಒತ್ತಿ ಪಾರದರ್ಶಕ ಲೋಟಕ್ಕೆ ಒಂದಿಷ್ಟು ಇಳಿಸಿ ಬೆಳಕಿಗೆ ಹಿಡಿದು ನೋಡಬೇಕು. ನೀರಿದ್ದರೆ ತಳದಲ್ಲಿ ಬಣ್ಣವಿಲ್ಲದೆ ಬೇರೆಯಾಗಿ ಕೂತಿರುತ್ತದೆ. ಲೋಟದ ತುಂಬ ನೀರೇ ಬಂದುಬಿಟ್ಟರೆ? ಆಗ ನಡುವೆ ಗೆರೆಯೇ ಕಾಣದು. ಅದಕ್ಕೇ ಬಣ್ಣ ನೋಡಬೇಕು, ಮೂಸಿ ನೋಡಬೇಕು. ಡಯಲ್ಲಿನ ಮುಳ್ಳನ್ನು ನಂಬದೆ ರೆಕ್ಕೆ ಹತ್ತಿ, ಟ್ಯಾಂಕಿನ ಮುಚ್ಚಳ ತೆಗೆದು, ಕಡ್ಡಿ ಅದ್ದಿ ಅಳೆಯಬೇಕು. ನಮ್ಮಲ್ಲಿ ಹಗೇವಿಗೆ ಇಳಿಯುವ ಮುಂಚೆ ಹಿರಿಯರು ದೀಪ ಇಳಿಸಿ ನೋಡುತ್ತಿದ್ದರಲ್ಲ, ಆ ಜಾತಿಯ ಕೆಲಸ ಇದು. ನೂರು ಸಲ ಏನೂ ಇರುವುದಿಲ್ಲ.

ಇನ್ನೊಂದು ಶತ್ರು ಯಾರೂ ನಂಬದಂಥದು. ಪಶ್ಚಿಮ ಮಹಾರಾಷ್ಟ್ರದ ಮಳೆಗಾಲ, ಹೊರಗೆ 24 ಡಿಗ್ರಿ, ಅಂಗಿ ಮೈಗೆ ಅಂಟುವಷ್ಟು ತೇವ. ಇಂಥ ಹವೆಯಲ್ಲಿ ಎಂಜಿನ್ನಿನ ಕಾರ್ಬುರೇಟರ್ ಒಳಗೆ ಮಂಜುಗಡ್ಡೆ ಕಟ್ಟುತ್ತದೆ! ಪೆಟ್ರೋಲ್ ಆವಿಯಾಗುವಾಗ ಗಾಳಿಯ ಶಾಖವನ್ನು ಹೀರಿಕೊಳ್ಳುತ್ತದೆ, ಕಿರಿದಾದ ಕಂಠದಲ್ಲಿ ಒತ್ತಡ ಇಳಿದು ಗಾಳಿ ಇನ್ನಷ್ಟು ತಣ್ಣಗಾಗುತ್ತದೆ. ಎರಡೂ ಸೇರಿ ಉಷ್ಣತೆ ಇಪ್ಪತ್ತು ಡಿಗ್ರಿಗೂ ಹೆಚ್ಚು ಕುಸಿಯಬಹುದು. ಮಣ್ಣಿನ ಗಡಿಗೆಯಲ್ಲಿ ನೀರು ತಣ್ಣಗಾಗುವ ಲೆಕ್ಕವೇ. ಶಕ್ತಿ ತಗ್ಗಿಸಿ ಇಳಿಯಲು ಬರುವಾಗ ಇದು ಜಾಸ್ತಿ. ಬಿಸಿಗಾಳಿ ಬಿಡಲು ಒಂದು ಗುಂಡಿ ಇದೆ, ಹೊತ್ತಿಗೆ ಸರಿಯಾಗಿ ಎಳೆಯಬೇಕು. ಮರೆತು ಎಂಜಿನ್ ನಿಂತರೆ, ನೆಲಕ್ಕೆ ಬಂದು ಬಾನೆಟ್ ತೆಗೆಯುವಷ್ಟರಲ್ಲಿ ಗಡ್ಡೆ ಕರಗಿಹೋಗಿ ಸಾಕ್ಷಿಯೂ ಇರುವುದಿಲ್ಲ.

ನಾನಿದ್ದ ಏರ್‌ಸ್ಟ್ರಿಪ್ ಕೃಷ್ಣಾ ನದಿಯ ಸೀಮೆಯದು. ಹೆಸರು ಬೇಡ. ಮೇಲೆ ಹೋದರೆ ಹೊಳೆ ಕಾಣುತ್ತಿತ್ತು, ಅದೇ ನೀರು ಮುಂದೆ ನಮ್ಮೂರಿನ ಕಡೆಗೆ ಹೋಗುವುದು. ಮನೆಯ ನೆನಪಿಗೆ ಅಷ್ಟು ಸಾಕಿತ್ತು. ಆದರೆ ನನ್ನ ಕಣ್ಣು ಹೊಳೆಗಿಂತ ಹೊಲಗಳ ಮೇಲೇ. ಇಳಿಯಬೇಕಾಗಿ ಬಂದರೆ ಎಲ್ಲಿ? ಬೆಳೆದು ನಿಂತ ಕಬ್ಬು ಮೇಲಿಂದ ಹಸಿರು ಹಾಸಿಗೆಯಂತೆ ಕಾಣುತ್ತದೆ, ಮೋಸ. ಕಟಾವಾದ ಕಬ್ಬಿನ ಗದ್ದೆಯಲ್ಲಿ ಸಾಲುಗಳು ಆಳ, ಅಡ್ಡ ಇಳಿದರೆ ಮುಂದಿನ ಚಕ್ರ ಸಿಕ್ಕಿ ಬುಡಮೇಲು. ಸಾಂಗ್ಲಿ, ತಾಸಗಾಂವ ಕಡೆಯ ದ್ರಾಕ್ಷಿ ತೋಟವಂತೂ ದೂರದಿಂದಲೇ ನಮಸ್ಕಾರ. ಎಲೆಯ ಕೆಳಗೆ ಕಬ್ಬಿಣದ ಕಂಬ, ಬಿಗಿದ ತಂತಿ. ಮಳೆಯಲ್ಲಿ ಎರೆನೆಲವೂ ಬೇಡ. ಒಳ್ಳೆಯದೆಂದರೆ ಕೊಯ್ದು ಮುಗಿದ ಬಿಳಿಜೋಳದ ಹೊಲ, ಅದೂ ಬೋರ್‌ವೆಲ್ಲಿನ ಕರೆಂಟ್ ತಂತಿ ಇಲ್ಲದ ಕಡೆ. ಈ ಚಟ ಎಷ್ಟು ಅಂಟಿತೆಂದರೆ ಎಸ್.ಟಿ. ಬಸ್ಸಿನಲ್ಲಿ ಊರಿಗೆ ಹೊರಟರೂ ಕಿಟಕಿಯಿಂದ ಹೊಲ ಆರಿಸುತ್ತಿದ್ದೆ. "ಎಷ್ಟ್ ಎಕರೆ ಖರೀದಿ ಆತ್ರಿ?" ಎಂದು ಹೆಂಡತಿ ಕೇಳುತ್ತಿದ್ದಳು.

2006ರ ಮಾರ್ಚ್‌ನಲ್ಲಿ ಆ ಚಟ ಉಪಯೋಗಕ್ಕೆ ಬಂತು. ಪಕ್ಕದಲ್ಲಿ ಹತ್ತೊಂಬತ್ತರ ಹುಡುಗಿ, ಕೊಲ್ಲಾಪುರದ ಕಡೆಯವಳು. ನೆಲದಿಂದ ಎರಡು ಸಾವಿರದ ಎಂಟುನೂರು ಅಡಿ ಮೇಲಿದ್ದೆವು. ಇದ್ದಕ್ಕಿದ್ದಂತೆ ಇಡೀ ವಿಮಾನ ನಡುಗಲು ಹಿಡಿಯಿತು, ಕಲ್ಲುರಸ್ತೆಯ ಮೇಲಿನ ಟ್ರ್ಯಾಕ್ಟರಿನಂತೆ. ಎಂಜಿನ್ನಿನ ಸುತ್ತು 2350ರಿಂದ 1800ಕ್ಕೆ ಬಿತ್ತು. "ಐ ಹ್ಯಾವ್ ಕಂಟ್ರೋಲ್" ಎಂದು ನಾನು ಕೈಗೆ ತೆಗೆದುಕೊಂಡೆ. ಅವಳು ಕಾರ್ಡ್ ತೆಗೆದು ಒಂದೊಂದೇ ಓದಿದಳು. ಬಿಸಿಗಾಳಿ ಬಿಟ್ಟೆವು, ಪೆಟ್ರೋಲಿನ ತೋಟಿ ನೋಡಿದೆವು, ಮಿಶ್ರಣ ಬದಲಿಸಿದೆವು, ಮ್ಯಾಗ್ನೆಟೋ ಒಂದೊಂದಾಗಿ ಆರಿಸಿದೆವು. ಯಾವುದಕ್ಕೂ ಬಗ್ಗಲಿಲ್ಲ. ನಿಧಾನವಾಗಿ ಇಳಿಯುತ್ತಿದ್ದೆವು. ನಮ್ಮ ಏರ್‌ಸ್ಟ್ರಿಪ್ ಹದಿನೆಂಟು ಕಿ.ಮೀ. ದೂರ, ನಡುವೆ ಹೊಳೆ, ಆಮೇಲೆ ದ್ರಾಕ್ಷಿ ತೋಟಗಳು.

ಎಂಜಿನ್ ಪೂರ್ತಿ ನಿಂತರೆ ನಿರ್ಧಾರ ಸುಲಭ, ಬೇರೆ ದಾರಿಯೇ ಇಲ್ಲ. ಅರ್ಧ ಸತ್ತ ಎಂಜಿನ್ ಮಾತ್ರ ಆಸೆ ತೋರಿಸುತ್ತದೆ. ಇನ್ನೊಂದು ಐದು ನಿಮಿಷ ಎಳೆದರೆ ಮನೆ ಮುಟ್ಟಬಹುದು, ವಿಮಾನಕ್ಕೂ ಪೆಟ್ಟಿಲ್ಲ, ಪಂಚನಾಮೆಯೂ ಇಲ್ಲ. ಆ ಐದು ನಿಮಿಷದಲ್ಲಿ ಕೈಯಲ್ಲಿದ್ದ ಎತ್ತರ ಖರ್ಚಾಗುತ್ತದೆ, ಒಳ್ಳೆಯ ಹೊಲ ಹಿಂದೆ ಬೀಳುತ್ತದೆ. ಕೆಳಗೆ ಎಡಕ್ಕೆ ಜೋಳ ಕೊಯ್ದ ಉದ್ದನೆಯ ಹೊಲವೊಂದಿತ್ತು. ಅದನ್ನೇ ಹಿಡಿದೆ. ರೇಡಿಯೋದಲ್ಲಿ ಮೇಡೇ ಹೇಳಿ, ಹೊಲ ಖಂಡಿತ ಸಿಗುತ್ತದೆ ಎಂದಾದ ಮೇಲೆ ಎಂಜಿನ್ನನ್ನು ನಾನೇ ಆರಿಸಿ, ಪೆಟ್ರೋಲ್ ಬಂದ್, ಕರೆಂಟ್ ಬಂದ್. ಪೆಟ್ಟಿಗೆ ಬಾಗಿಲು ಸಿಕ್ಕಿಕೊಳ್ಳಬಾರದೆಂದು ಮೊದಲೇ ತುಸು ತೆರೆದು ಇಟ್ಟುಕೊಂಡೆವು. ಗಾಳಿಯ ಸಪ್ಪಳವೊಂದೇ. ಕೂಳೆಗಳು ಚಕ್ರಕ್ಕೆ ಬಡಿದವು, ಒಂದು ಒಡ್ಡಿನ ಮೇಲೆ ಕುಪ್ಪಳಿಸಿದೆವು, ನಿಂತೆವು. ಮುಂದಿನ ಚಕ್ರದ ಕವೆ ಬಾಗಿತ್ತು. ಅಷ್ಟೇ.

ಮೋಟರ್‌ಸೈಕಲ್ ಮೇಲೆ ಓಡಿಬಂದ ಹೊಲದ ಮಾಲೀಕ ಮೊದಲು ಕೇಳಿದ್ದು "ಪೆಟ್ರೋಲ್ ಸಂಪ್ಲಂ ಕಾಯ್, ಸಾಹೇಬ್?" ಹುಡುಗಿ ಗಟ್ಟಿಯಾಗಿ ನಕ್ಕಳು, ನಕ್ಕ ಹಾಗೇ ಅಳತೊಡಗಿದಳು. ನನ್ನ ಮರಾಠಿ ಕೇಳಿದವನೇ "ತುಮ್ಹಿ ಕಾನಡಿ ಕಾ?" ಎಂದ. ಅವನ ಹೆಂಡತಿ ಅಥಣಿ ಕಡೆಯ ಹೆಣ್ಣುಮಗಳು. ತಂಬಿಗೆಯಲ್ಲಿ ನೀರು, ಒಂದು ಹಿಡಿ ಬೆಲ್ಲ ತಂದು ಹುಡುಗಿಯ ಕೈಗೆ ಕೊಟ್ಟು, ನನ್ನ ಕಡೆ ತಿರುಗಿ, "ಅಣ್ಣಾರ, ನೀವೇನೋ ಗಂಡಸ್ರು, ಹಾರ್ತೀರಿ. ಈ ಕೂಸಿನ್ನ ಕರ್ಕೊಂಡ ಬಂದೀರಲ್ಲ, ಈಕಿ ಅವ್ವಗ ಏನಂತ ಹೇಳ್ತಿದ್ರಿ?" ಎಂದಳು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ನನ್ನ ಕೆಲಸದ ಬಗ್ಗೆ ಇಷ್ಟು ನೆಟ್ಟಗೆ ಕೇಳಿದವರು ಬೇರೆ ಯಾರೂ ಇಲ್ಲ. ಅವ್ವನಿಗೆ ಅಂದು ಸಂಜೆ ನಾನೇ ಫೋನ್ ಮಾಡಿದೆ.

ಎಂಜಿನ್ ಬಿಚ್ಚಿದಾಗ ನಾಲ್ಕರಲ್ಲಿ ಒಂದು ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಜಾಮ್ ಆಗಿತ್ತು, ಅದನ್ನು ತಳ್ಳುವ ಸರಳು ಬಾಗಿಹೋಗಿತ್ತು. ಇಂಥ ಎಂಜಿನ್ನುಗಳಿಗೆ ಗೊತ್ತಿರುವ ಕಾಯಿಲೆಯೇ. ಆಫೀಸಿನಲ್ಲಿ ಒಬ್ಬರು ಹೇಳಿದರು: "ಮೂರು ಸಿಲಿಂಡರ್ ಓಡ್ತಿದ್ವಲ್ಲ, ಇಲ್ಲಿವರೆಗೂ ತರಬಹುದಿತ್ತು." ತರಬಹುದಿತ್ತೇನೋ. ಹತ್ತು ನಿಮಿಷ ಓಡುತ್ತಿತ್ತೋ, ಎರಡೇ ನಿಮಿಷವೋ, ಬಿಚ್ಚಿ ನೋಡಿದವರೂ ಹೇಳಲಾರರು. ಅಂತರರಾಷ್ಟ್ರೀಯ ನಿಯಮ ಹೇಳುವುದು ಇಷ್ಟು: ಕಂಟ್ರೋಲ್ ಯಾರ ಕೈಯಲ್ಲೇ ಇರಲಿ, ವಿಮಾನದ ಹೊಣೆ ಪೈಲಟ್ ಇನ್ ಕಮಾಂಡ್‌ನದು, ಅದರ ಮೇಲೆ ಕೊನೆಯ ಮಾತೂ ಅವನದೇ. ಹೊಲದ ಆ ಹೆಣ್ಣುಮಗಳು ಕೇಳಿದ್ದೂ ಇದನ್ನೇ ಅಲ್ಲವೇ?

2022ರ ಜುಲೈಯಲ್ಲಿ ಪುಣೆ ಜಿಲ್ಲೆಯ ಇಂದಾಪುರ ತಾಲ್ಲೂಕಿನ ಹೊಲದಲ್ಲಿ ತರಬೇತಿ ವಿಮಾನವೊಂದು ಬಿದ್ದಾಗ, 2023ರ ಮೇನಲ್ಲಿ ನಮ್ಮ ಬೆಳಗಾವಿಯ ಸಾಂಬ್ರಾ ಹತ್ತಿರ ಇನ್ನೊಂದು ಹೊಲದಲ್ಲಿ ಇಳಿದಾಗ, ಬಳಗದವರೆಲ್ಲ ನನಗೆ ಫೋನ್ ಮಾಡಿದರು. ಎರಡರಲ್ಲೂ ಒಳಗಿದ್ದವರು ಬದುಕಿದರು. "ತಪ್ಪು ಯಾರ್ದು? ಎಂಜಿನ್ದೋ, ಪೈಲಟ್‌ದೋ?" ಟಿ.ವಿ. ನೋಡಿ ಹೇಳುವ ಮಾತಲ್ಲ ಅದು, ನಾನು ಹೇಳಲಿಲ್ಲ. ಈ ಎರಡನ್ನು ಅಷ್ಟು ಸಲೀಸಾಗಿ ಬೇರೆ ಮಾಡಲು ಬರುವುದೂ ಇಲ್ಲ.

ಸ್ಪಾರ್ಕ್ ಪ್ಲಗ್ಗನ್ನೇ ನೋಡಿ. 1930ರಲ್ಲಿ ಇಂಗ್ಲೆಂಡ್ ಮತ್ತು ಭಾರತದ ನಡುವೆ ಒಬ್ಬನೇ ಹಾರುವ ಮೊದಲ ಭಾರತೀಯನಿಗೆ ಆಗಾ ಖಾನರು ಬಹುಮಾನ ಇಟ್ಟಿದ್ದರು. ಜೆ.ಆರ್.ಡಿ. ಟಾಟಾ ಕರಾಚಿಯಿಂದ ಹೊರಟರು, ಹದಿನೇಳರ ಹುಡುಗ ಆಸ್ಪಿ ಎಂಜಿನಿಯರ್ ಆ ಕಡೆಯಿಂದ ಬರುತ್ತಿದ್ದ. ಈಜಿಪ್ಟಿನ ಅಬೂಕಿರ್‌ನಲ್ಲಿ ಇಬ್ಬರೂ ಎದುರಾದರು. ಆಸ್ಪಿ ಪ್ಲಗ್ ಕೆಟ್ಟು ಕೂತಿದ್ದ. ಜೆ.ಆರ್.ಡಿ. ತಮ್ಮ ಹತ್ತಿರ ಹೆಚ್ಚಿಗೆ ಇದ್ದುದನ್ನು ಕೊಟ್ಟರು, ಆಸ್ಪಿ ಗೆದ್ದ. ಮುಂದೆ 1960ರಲ್ಲಿ ವಾಯುಪಡೆಯ ಮುಖ್ಯಸ್ಥನೂ ಆದ. ಜನ ಇದನ್ನು ಜೆ.ಆರ್.ಡಿ.ಯ ದೊಡ್ಡ ಮನಸ್ಸಿನ ಕತೆಯಾಗಿ ಹೇಳುತ್ತಾರೆ, ನಿಜವೇ. ನನಗೆ ಹಿಡಿಸುವುದು ಬೇರೆ: ಪಂದ್ಯದಲ್ಲೂ ಆ ಹುಡುಗ ಕೆಟ್ಟ ಪ್ಲಗ್ಗಿನ ಮೇಲೆ ಹಾರದೆ ಕೂತಿದ್ದ. ಎರಡು ವರ್ಷದ ಮೇಲೆ, 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಒಂಟಿ ಎಂಜಿನ್ನಿನ ಪುಸ್ ಮಾತ್‌ನಲ್ಲಿ ಟಪಾಲು ಹೇರಿಕೊಂಡು ಕರಾಚಿಯಿಂದ ಮುಂಬಯಿಯ ಜುಹೂಗೆ ಬಂದರು. ಅಲ್ಲಿಂದ ಅದನ್ನು ನೆವಿಲ್ ವಿನ್ಸೆಂಟ್ ನಮ್ಮ ಬಳ್ಳಾರಿ ಮೇಲೆ ಮದ್ರಾಸಿಗೆ ಒಯ್ದರು. ದಾರಿಯುದ್ದಕ್ಕೂ ಒಂದೇ ಎಂಜಿನ್ನಿನ ಭರವಸೆ.

ನನ್ನ ಪಾಲಿನ ಪ್ಲಗ್ ಬಂದದ್ದು 2009ರ ನವೆಂಬರ್‌ನಲ್ಲಿ. ಅಥಣಿ ತಾಲ್ಲೂಕಿನ ಒಬ್ಬ ಹುಡುಗನಿಗೆ ಅಂದು ಲೈಸೆನ್ಸಿನ ಹಾರಾಟ ಪರೀಕ್ಷೆ. ಕಮರ್ಶಿಯಲ್ ಲೈಸೆನ್ಸಿಗೆ ಇಲ್ಲಿ 200 ತಾಸು ಹಾರಿರಬೇಕು, ಅದರ ಖರ್ಚು ಎಂಥ ಮನೆಯನ್ನೂ ಅಲ್ಲಾಡಿಸುವಂಥದು. ಅವರಪ್ಪ ನೀರಾವರಿಯ ಎರಡು ಎಕರೆ ಮಾರಿದ್ದರು. ಪರೀಕ್ಷಕರು ದೂರದಿಂದ ಬಂದಿದ್ದರು. ಎರಡನೆಯ ವಿಮಾನ ನೂರು ತಾಸಿನ ತಪಾಸಣೆಗೆ ಹ್ಯಾಂಗರಿನಲ್ಲಿ ಬಿಚ್ಚಿ ಬಿದ್ದಿತ್ತು. ಸಹಿ ಮಾಡುವ ಲೈಸೆನ್ಸಿನ ಎಂಜಿನಿಯರ್ ಪುಣೆಗೆ ಹೋಗಿದ್ದರು, ಸಂಜೆಗೆ ಬರುವವರು. ಉಳಿದ ಒಂದೇ ವಿಮಾನವನ್ನು ನಾನು ಬೆಳಿಗ್ಗೆ ಚಾಲೂ ಮಾಡಿ ನೋಡಿದೆ.

ಈ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿಗೆ ಎರಡು ಪ್ಲಗ್, ಎಲ್ಲಕ್ಕೂ ಕಿಡಿ ಕೊಡಲು ಎರಡು ಮ್ಯಾಗ್ನೆಟೋ. ಒಂದು ಕೆಟ್ಟರೆ ಇನ್ನೊಂದು. ನೆಲದ ಮೇಲೆ 1700 ಸುತ್ತಿಗೆ ಇಟ್ಟು ಒಂದನ್ನು ಆರಿಸಿದಾಗ ಸುತ್ತು ತುಸು ಇಳಿಯುವುದು ಸಹಜ, 125ಕ್ಕಿಂತ ಹೆಚ್ಚು ಇಳಿಯಬಾರದು. ಎರಡರ ನಡುವಿನ ವ್ಯತ್ಯಾಸ 50 ದಾಟಬಾರದು. ಅಂದು ಬಲಗಡೆಯದರಲ್ಲಿ 180 ಇಳಿಯಿತು, ಜೊತೆಗೆ ನಡುಕ. ಪೆಟ್ರೋಲಿನ ಸೀಸ ಪ್ಲಗ್ಗಿಗೆ ಅಂಟಿದರೆ ಹೀಗಾಗುತ್ತದೆ. ಮಿಶ್ರಣ ತೆಳ್ಳಗೆ ಮಾಡಿ ಜೋರಾಗಿ ಓಡಿಸಿದರೆ ಸುಟ್ಟುಹೋಗುವುದುಂಟು. ಎರಡು ಸಲ ಮಾಡಿದೆ. 170.

ಹುಡುಗನ ಅಪ್ಪ ಬೇಲಿಯ ಹತ್ತಿರ ನಿಂತಿದ್ದರು. ನಾನು ಲಾಗ್‌ಬುಕ್ ತೆಗೆದದ್ದು ನೋಡಿ ಓಡಿಬಂದರು. ಅದರಲ್ಲಿ ಒಮ್ಮೆ ಬರೆದರೆ ಎಂಜಿನಿಯರ್ ಸಹಿಯಿಲ್ಲದೆ ಆ ವಿಮಾನ ಏಳುವಂತಿಲ್ಲ ಎಂದು ಅವರಿಗೆ ಯಾರೋ ಹೇಳಿದ್ದರು.

"ಬರೀಬ್ಯಾಡ್ರಿ ಸರ್. ಬಾಯಿಲೆ ಹೇಳ್ರಿ, ಆಮ್ಯಾಲ ರಿಪೇರಿ ಮಾಡ್ತಾರ. ನಮ್ಮ ಟ್ರ್ಯಾಕ್ಟರ್ ಸುದ್ದಾ ಮುಂಜಾನೆ ಹಿಂಗ ಕೆಮ್ಮತೈತಿ."

"ಇಲ್ರೀ ಗೌಡ್ರ. ಇದು ಹಂಗ ಬಿಡೂದಲ್ಲ."

"ಇನ್ನೊಂದು ಐತಲ್ರಿ? ಹುಡುಗನ ಹೇಳ್ಯಾನು, ಎರಡು ಇರ್ತಾವು, ಒಂದ ಹ್ವಾದ್ರೂ ನಡೀತೈತಿ ಅಂತ."

ಸರಿಯಾದ ಮಾತೇ. ಹಾರಿಸಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ. ಆದರೆ ಎರಡನೆಯದನ್ನು ಇಟ್ಟಿರುವುದು ಮೇಲೆ ಹೋದ ಮೇಲೆ ಒಂದು ಕೆಟ್ಟರೆ ಬೇಕೆಂದು, ನೆಲದ ಮೇಲೇ ಅದನ್ನು ಲೆಕ್ಕಕ್ಕೆ ಹಿಡಿದು ಹೊರಡಲು ಅಲ್ಲ. ಇದನ್ನು ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ನೀವು ನಮ್ಮ ಕಡಿಯವ್ರು ಅಂತ ಧೈರ್ಯದ ಮ್ಯಾಲ ಹುಡುಗನ್ನ ಇಲ್ಲಿ ತಂದ ಬಿಟ್ಟೀನ್ರಿ. ಮರಾಠಿ ಮಂದಿ ಹಿಂಗ ಮಾಡಿದ್ರ ನನಗೇನೂ ಅನಸ್ತಿರ್ಲಿಲ್ಲ" ಎಂದರು. ಪರಸ್ಥಳದಲ್ಲಿ ಇದಕ್ಕಿಂತ ಭಾರದ ಮಾತು ಇನ್ನೊಂದಿಲ್ಲ. ಕನ್ನಡದ ಒಂದು ಮಾತು ಕಿವಿಗೆ ಬಿದ್ದರೆ ಎದ್ದು ಹೋಗಿ ಗುರುತು ಮಾಡಿಕೊಳ್ಳುವವರು ನಾವು. ಆ ಸಲಿಗೆಯೇ ಕೈ ಹಿಡಿದು ಪೆನ್ನನ್ನು ತಡೆಯುತ್ತಿತ್ತು. ಬರೆದೆ. ಸಹಿ ಹಾಕಿದೆ.

ಪರೀಕ್ಷಕರು ಎರಡು ಗಂಟೆಯವರೆಗೆ ಕಾದು ಹೊರಟರು. ಸಂಜೆ ಎಂಜಿನಿಯರ್ ಬಂದು ಪ್ಲಗ್ ಬಿಚ್ಚಿದರು. ಕೆಳಗಿನ ಎರಡರಲ್ಲಿ ಸಾಸಿವೆ ಕಾಳಿನಷ್ಟು ಸೀಸದ ಉಂಡೆ. ಮೊನೆಯಿಂದ ಕಿತ್ತು, ಒರೆಸಿ, ಹಾಕಿದರು. ಮುಕ್ಕಾಲು ತಾಸಿನ ಕೆಲಸ, ಇಳಿತ 70ಕ್ಕೆ ಬಂತು. ಗೌಡರು ಆ ಉಂಡೆಯನ್ನು ಅಂಗೈಯಲ್ಲಿ ಹಿಡಿದು ನೋಡಿದರು. "ಇಷ್ಟಕ್ಕ?" ಎಂದರು. ಮುಂದಿನ ಪರೀಕ್ಷೆಗೆ ಎರಡೂವರೆ ತಿಂಗಳು ಹಿಡಿಯಿತು, ಕೈ ತಪ್ಪಬಾರದೆಂದು ನಡುವೆ ಹಾರಿದ ತಾಸುಗಳ ದುಡ್ಡೂ ಅವರ ಮೇಲೇ ಬಿತ್ತು. ಹುಡುಗ ಪಾಸಾದ. ಅಂದು ಸಿಹಿ ಹಂಚಿದರು. ನನ್ನ ಡಬ್ಬಿಯನ್ನು ಹುಡುಗನ ಕೈಲಿ ಕಳಿಸಿದರು.

ಹುಡುಗ ಈಗ ಎರಡು ಎಂಜಿನ್ನಿನ ದೊಡ್ಡ ಜೆಟ್‌ನಲ್ಲಿ ಕ್ಯಾಪ್ಟನ್. ಯುಗಾದಿಗೆ ತಪ್ಪದೆ ಫೋನ್ ಮಾಡುತ್ತಾನೆ, ಆ ದಿನದ ಸುದ್ದಿ ಅವನೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ಹೋದ ವರ್ಷ ಜಮಖಂಡಿ ಬಸ್‌ಸ್ಟ್ಯಾಂಡಿನಲ್ಲಿ ಗೌಡರು ಎದುರಿಗೆ ಸಿಕ್ಕರು. ಕೂದಲೆಲ್ಲ ಬೆಳ್ಳಗಾಗಿದೆ. "ನಮಸ್ಕಾರ್ರೀ ಗೌಡ್ರ, ಆರಾಮ ಅದೀರಿ?" ಎಂದೆ. ಒಂದು ಗಳಿಗೆ ನೋಡಿದರು. "ಹುಡುಗ ಛಲೋ ಅದಾನು" ಎಂದಷ್ಟೇ ಹೇಳಿ, ಚೀಲ ಎತ್ತಿಕೊಂಡು ಅಥಣಿ ಬಸ್ಸು ಹತ್ತಿದರು.